ಅಣ್ಣನ ಅಳಿಸುವ ಪಾಠ

ಸಿನಿಮಾ ದೃಶ್ಯಗಳಲ್ಲಿ ಬೇಡವಾದದ್ದನ್ನು ಕಂಪ್ಯೂಟರಿನಲ್ಲಿ ಅಳಿಸುವುದು ಅಣ್ಣನ ಕಸುಬು. ಹಗ್ಗ, ಕಂಬ, ಅಡ್ಡ ಬಂದ ಜನ, ಏನಿದ್ದರೂ ಮಾಯ. ಆ ವಿದ್ಯೆಯನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಕಲಿಸುತ್ತಿದ್ದ. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ನಾನು ರೇಗುತ್ತಿದ್ದೆ. ಕಲಿಯುವವರ ಅಭ್ಯಾಸಕ್ಕೆಂದು, ನಮ್ಮ ಹಿತ್ತಲಲ್ಲಿ ತಾನೇ ಬಟ್ಟೆ ಒಣಹಾಕುವ ವಿಡಿಯೊ ಕೊಟ್ಟಿದ್ದ: "ನನ್ನನ್ನು ಅಳಿಸಿ ಕಳಿಸಿ."

ಅವನು ತೀರಿಹೋದ ಮೇಲೂ ಕಲಿಯುವವರು ಕಳಿಸುತ್ತಲೇ ಇದ್ದಾರೆ. ತಿದ್ದುವ ಕೆಲಸ ನನ್ನ ತಲೆಗೆ ಬಂದಿದೆ. ಅಚ್ಚುಕಟ್ಟಾಗಿ ಅಳಿಸಿದವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಆದರೂ "ಶಭಾಷ್" ಎಂದು ಬರೆಯುತ್ತೇನೆ.

ನಿನ್ನೆ ಒಬ್ಬಳು ಅಣ್ಣನನ್ನು ಅಳಿಸಿ, ಗೋಡೆಯ ಮೇಲಿನ ಅವನ ನೆರಳನ್ನು ಮರೆತುಬಿಟ್ಟಿದ್ದಳು. ಅದು ತಪ್ಪೆಂದು ಬರೆಯಹೊರಟೆ. ಅಮ್ಮ ಪರದೆಯ ಮೇಲೆ ಬೆರಳಿಟ್ಟು ಆ ನೆರಳನ್ನು ಸವರಿದಳು.

"ಸುಮ್ನಿರೇ. ಇವಳಿಗೆ ಪೂರ್ತಿ ಮಾರ್ಕ್ಸ್ ಕೊಡು."