ಅತ್ತೆ ಗೊಬ್ಬರ ಹಾಕಿದ ಬೋಳು ಪಟ್ಟಿ

ಮಾಡಬೇಡಿ ಅಂದ ಕೆಲಸದ ಮೇಲೆಯೇ ನಮ್ಮತ್ತೆಗೆ ಕಣ್ಣು. ಮೂವತ್ತು ವರ್ಷ ಗಣಿಯಲ್ಲಿ ಕಲ್ಲಿದ್ದಲಿನಿಂದ ಕಲ್ಲು ಆರಿಸಿದವರು. ಗಣಿ ಮುಚ್ಚಿದ ಮೇಲೆ ಅದರಿಂದ ಅಗೆದು ಸುರಿದ ಮಣ್ಣಿನ ಗುಡ್ಡೆ ಕಾಯುವ ಕೆಲಸಕ್ಕೆ ಸೇರಿದರು. ಗುಡ್ಡೆಯ ಮೇಲೆ ಹುಲ್ಲು ಬೆಳೆಸಿದರೆ, ಅಲ್ಲಿಂದ ಇಳಿದು ನಮ್ಮ ಬಾವಿ ಸೇರುವ ಹುಳಿ ನೀರು ನಿಲ್ಲುತ್ತಾ ಅಂತ ಒಬ್ಬ ಮೇಡಂ ಸಂಶೋಧನೆ ಮಾಡುತ್ತಿದ್ದರು. ಮಣ್ಣು ಮೇಡಂ ಅಂತಲೇ ನಾವು ಕರೆಯೋದು.

ಗುಡ್ಡೆಯ ನೆಲವನ್ನು ಪಟ್ಟಿ ಪಟ್ಟಿಯಾಗಿ ಭಾಗ ಮಾಡಿದ್ದರು. ಕೆಲವು ಪಟ್ಟಿಗಳಿಗೆ ಸುಣ್ಣ, ಗೊಬ್ಬರ ಎಲ್ಲಾ ಉಂಟು. ನಾಲ್ಕು ಪಟ್ಟಿಗಳಿಗೆ ಏನೂ ಇಲ್ಲ. ಹೋಲಿಸಿ ನೋಡೋಕೆ ಬೋಳಾಗಿಯೇ ಬಿಟ್ಟದ್ದು. ಅವನ್ನು ಮುಟ್ಟಬೇಡಿ ಅಂತ ಮೇಡಂ ಅಂದಾಗ ಅತ್ತೆ ತಲೆಯಾಡಿಸಿದ್ದರು. ನಾನು ಹೇಳಿದ್ದಕ್ಕೂ ಹಾಗೇ ಆಡಿಸ್ತಾರೆ ಬಿಡಿ.

ಸಂಶೋಧನೆಗೆ ಕೊಟ್ಟ ಎರಡು ವರ್ಷದ ಹಣ ಮುಗಿಯುತ್ತಾ ಬಂತು. ಮುಂದಕ್ಕೂ ಕೊಡೋದೋ ಬಿಡೋದೋ ಅಂತ ನೋಡಲು ಸಮಿತಿ ಬರುವ ಹಿಂದಿನ ದಿನ, ಎಷ್ಟೋ ತಿಂಗಳ ಮೇಲೆ ಮೇಡಂ ಗುಡ್ಡೆ ಸುತ್ತಿದರು. ಎಲ್ಲಕ್ಕಿಂತ ಕೆಳಗಿನ ಬೋಳು ಪಟ್ಟಿಯಲ್ಲಿ ಹುಲ್ಲು ನಿಗುರಿ ನಿಂತಿತ್ತು! ಅವರ ಮುಖ ಬಿಳಿಚಿತು. ಏನೂ ಹಾಕದೆ ಹುಲ್ಲು ಬರೋದಾದರೆ ಸಮಿತಿ ದುಡ್ಡು ಯಾಕೆ ಕೊಡುತ್ತೆ? ದುಡ್ಡು ನಿಂತರೆ ಗುಡ್ಡೆಯ ಕೆಲಸ ನಿಂತಿತು, ನಮ್ಮ ಬಾವಿಯ ಕಥೆ ಮುಗೀತು.

ಅತ್ತೆ ಮನೆಗೆ ಬಂದು ಊಟ ಮುಟ್ಟಲಿಲ್ಲ. ಕೇಳಿ ಕೇಳಿ ನನಗೆ ಸಾಕಾದ ಮೇಲೆ ಬಾಯಿಬಿಟ್ಟರು.

"ಪಕ್ಕದವಕ್ಕೆಲ್ಲ ಬಡಿಸಿ ಅದೊಂದನ್ನ ಉಪವಾಸ ಕೆಡವಿದ್ರು ಕಣೇ. ನೋಡೋಕಾಗಲಿಲ್ಲ. ಆಗಾಗ ಒಂದು ಬಕೆಟ್ ಗೊಬ್ಬರ ಹಾಕಿಬಿಟ್ಟೆ."

ಕೋಪ ನೆತ್ತಿಗೇರಿತು. ಮಾಡಿದ್ದುಣ್ಣೋ ಮಹಾರಾಯ ಅನ್ನೋಣ ಅಂದರೆ, ಉಣ್ಣೋರು ಇಡೀ ಊರೋರು! ಅತ್ತೆಯ ಕೈ ಹಿಡಿದು ಮೇಡಂ ಇಳಿದುಕೊಂಡಿದ್ದ ಮನೆಗೆ ಕರಕೊಂಡು ಹೋದೆ.

ಮೇಡಂ ಬಯ್ಯಲಿಲ್ಲ. ಮೇಲಿನ ಮೂರು ಬೋಳು ಪಟ್ಟಿಗಳಿಗೂ ಒಂದು ಹಿಡಿ ಗೊಬ್ಬರ ಬಿದ್ದಿದ್ದರೆ ಹೋಲಿಕೆಗೆ ಏನೂ ಉಳಿಯೋದಿಲ್ಲ ಅಂತ ವಿವರಿಸಿ, ನಿಜ ಹೇಳಿ ಅಂದರು.

ಅತ್ತೆ ತಲೆ ತಗ್ಗಿಸಿದರು. "ಹಾಕೋ ಆಸೆ ಇತ್ತು ಮೇಡಮ್ಮಾ. ಬಕೆಟ್ ಹೊತ್ತು ಅಷ್ಟು ಮೇಲೆ ಹತ್ತೋಕೆ ಈ ಹಾಳು ಮಂಡಿ ಬಿಡಲಿಲ್ಲ."

ಮೇಡಂ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಮರುದಿನ ಕೆಳಗಿನ ಪಟ್ಟಿಯನ್ನು ಲೆಕ್ಕದಿಂದ ತೆಗೆದು, ಯಾಕೆ ತೆಗೆದಿದ್ದು ಅಂತ ಅತ್ತೆಯ ಬಾಯಲ್ಲೇ ಸಮಿತಿಗೆ ಹೇಳಿಸಿದರು. ಹೋಲಿಕೆಗೆ ಉಳಿದ ಮೂರು ಸಾಕಾದವು. ತಿಂಗಳ ಮೇಲೆ, ಇನ್ನೂ ಮೂರು ವರ್ಷಕ್ಕೆ ಹಣ ಮಂಜೂರಾದ ಕಾಗದ ಬಂತು. ಅಬ್ಬಾ, ಹೋದ ಜೀವ ಬಂದ ಹಾಗಾಯಿತು.

ಆ ಸಂಜೆ ಅತ್ತೆ ಮಂಡಿಗೆ ಎಣ್ಣೆ ತಿಕ್ಕಲು ಕೂತರು. ಬಟ್ಟಲು ಕಿತ್ತುಕೊಂಡು ನಾನೇ ತಿಕ್ಕಿದೆ. ಬೇಡ ಬೇಡ ಅಂದರು. ಬಿಡ್ತೀನಾ? ನಮ್ಮ ಬಾವಿ ಉಳಿಸಿದ ಮಂಡಿ ಅದು.