ಡೋಲು ಬಡಿಯುವ ಮೊದಲೇ ಬಂದ ದೇವಿ

ತಲ್ಲಿ ಸೈಂಜಿಯ ಸತೇಶ್ವರಿ ಅತ್ತದ್ದನ್ನು ಊರು ನೋಡಿದ್ದು ಎರಡೇ ಸಲ. ಗಂಡ ಸತ್ತಾಗ ಅಳಲಿಲ್ಲ. ಎಮ್ಮೆ ಕಾಲು ಜಾರಿ ಕಮರಿಗೆ ಬಿದ್ದು ಸತ್ತಾಗ ಒಮ್ಮೆ ಅತ್ತಳು. ಇನ್ನೊಮ್ಮೆ, ಆಷಾಢದ ಸಭೆಯಲ್ಲಿ ದೇವಿ ಬಾಯಿಬಿಟ್ಟು 'ಬೇಡ' ಅಂದಾಗ. ಎಮ್ಮೆಯಾದರೂ ನಿಜವಾಗಿ ಸತ್ತಿತ್ತು.

ಹದಿನೇಳಕ್ಕೆ ಅವಳನ್ನು ನದಿಯಾಚೆಯ ಊರಿಗೆ ಕೊಟ್ಟಿದ್ದರು. ಮೂರನೇ ವರ್ಷಕ್ಕೆ ಗಂಡನ ಲಾರಿ ಹೊಳೆಗೆ ಬಿತ್ತು. ಅತ್ತೆಮನೆಯವರು ಅವಳ ಕುಡುಗೋಲನ್ನೂ ಹಗ್ಗವನ್ನೂ ಕೈಗೆ ಕೊಟ್ಟು, "ತವರು ದೂರ ಏನಿಲ್ಲವಲ್ಲ" ಅಂದರು. ಬಂದಳು. ತನಗಿಂತ ಒಂಬತ್ತು ವರ್ಷ ಚಿಕ್ಕವನಾದ ತಮ್ಮ ಆಲಮ್ ಸಿಂಗನನ್ನು ಸಾಕಿದಳು. ಮುಂದೆ ಬಸ್ಸು ನಿಲ್ಲುವ ಕಡೆ ಸರಾಯಿ ಅಂಗಡಿ ಬಂದಾಗ ತನ್ನೂರು, ಮೇಲಿನೂರು ಎರಡರ ಹೆಂಗಸರನ್ನೂ ಕಟ್ಟಿಕೊಂಡು ಹೋಗಿ ಅದರ ಬಾಗಿಲ ಮುಂದೆ ಸಗಣಿ ಗುಡ್ಡೆ ಹಾಕಿ ಕೂತಳು. ಹನ್ನೊಂದು ದಿನ ಜೈಲಾಯಿತು. ಬಿಡುಗಡೆಯಾಗಿ ಬಂದವಳನ್ನು ಗೆಳತಿ ಗುಮಾನಿ ಕೇಳಿದಳು, "ಹೆಂಗಿತ್ತೇ ಒಳಗೆ?"

"ಅತ್ತೆಮನೆಗಿಂತ ವಾಸಿ. ಎರಡು ಹೊತ್ತೂ ಬಿಸಿ ಬೇಳೆ ಹಾಕ್ತಾರೆ."

ಅಂಗಡಿ ಮುಚ್ಚಿತು. ಅವಳಿಗೆ ಎದುರು ಮಾತಾಡುವ ಗಂಡಸು ಊರಲ್ಲಿ ಉಳಿಯಲಿಲ್ಲ. ಚಿಕ್ಕವರಿಗೆಲ್ಲ ಅವಳು ಫೂಫೂ, ಅಂದರೆ ಸೋದರತ್ತೆ. ತವರಲ್ಲೇ ಉಳಿದ ಮಗಳು ಊರಿಗೆಲ್ಲ ಅತ್ತೆಯೇ.

ಈ ಗುಡ್ಡಗಳಲ್ಲಿ ನಂದಾದೇವಿಯೂ ಊರಮಗಳೇ. ಅವಳ ಗಂಡನ ಮನೆ ಹಿಮದ ಮೇಲೆ. ಹನ್ನೆರಡು ವರ್ಷಕ್ಕೊಮ್ಮೆ ತಲ್ಲಿ ಸೈಂಜಿ, ಮಲ್ಲಿ ಸೈಂಜಿ ಎಂಬ ಕೆಳಗಿನೂರು ಮೇಲಿನೂರು ಎರಡೂ ಸೇರಿ ಅವಳ ಪಲ್ಲಕ್ಕಿ ಹೊತ್ತು ಕಳಿಸಿ ಬರಬೇಕು. ದಾರಿಯಲ್ಲಿ ಮೂರು ಗುಡಿ. ಓಕ್ ಕಾಡಿನ ಬೇಲ್‌ಥಾನ, ದಿಬ್ಬದ ನೆತ್ತಿಯ ಗೈರಧಾರ, ಎಲ್ಲಕ್ಕೂ ಮೇಲೆ ಕೆರೆಯ ದಡದಲ್ಲಿ ಸೂರಿಲ್ಲದ ನಾಲ್ಕು ಕಲ್ಲಿನ ಶಿಲಾತಾಲ. ಹೆಂಗಸರು ಗೈರಧಾರದವರೆಗೆ ಮಾತ್ರ. ಯಾಕೆ ಅಂದರೆ, ಹಿಂದಿನಿಂದ ಹಾಗೇ. ಪ್ರತಿ ಜ್ಯೇಷ್ಠದಲ್ಲಿ ಅದೇ ಹೆಂಗಸರು ಗೈರಧಾರ ದಾಟಿ, ಹಿಮ ಕರಗುವ ಹುಲ್ಲಲ್ಲಿ ತಿಂಗಳಿಡೀ ಹೊಟ್ಟೆಯ ಮೇಲೆ ತೆವಳಿ, ಒಳ್ಳೆ ಬೆಲೆಗೆ ಮಾರುವ ಕೀಡಾಜಡಿ ಎಂಬ ಹುಳುಬೇರು ಅಗೆದು ತಂದು ಗಂಡಸರ ಕೈಗೆ ಕೊಡುತ್ತಿದ್ದರು. ಆ ಬೇರಿಗೆ ಮೈಲಿಗೆ ಇರಲಿಲ್ಲ.

ಹಿಂದಿನ ಸಲ ಯಾತ್ರೆಗೆ ಹದಿನೈದು ದಿನ ಇರುವಾಗ ಬೇಲ್‌ಥಾನದ ಕೆಳಗೆ ಗುಡ್ಡ ಕುಸಿದು ದಾರಿ ಮುಚ್ಚಿತ್ತು. ಗಂಡಸರಲ್ಲಿ ಅರ್ಧ ಜನ ಫೌಜಿನಲ್ಲಿ, ಉಳಿದವರು ಬಯಲುಸೀಮೆಯ ಹೋಟೆಲುಗಳಲ್ಲಿ. ಸತೇಶ್ವರಿ ಹೆಂಗಸರನ್ನು ಕರೆದುಕೊಂಡು ಹೋಗಿ ಹನ್ನೆರಡು ದಿನ ಕಲ್ಲು ಹೊತ್ತು ದಾರಿ ಬಿಡಿಸಿದಳು. ಪಲ್ಲಕ್ಕಿ ಹೊರಡುವ ಮುಂಚೆ ಎರಡೂ ಊರಿನ ಹಿರಿಯರು ಅಕ್ಕಿಯ ಮೇಲೆ ಕೈಯಿಟ್ಟು ಹೇಳಿದರು: ಮುಂದಿನ ಸಲ ಹೆಂಗಸರೂ ಶಿಲಾತಾಲದವರೆಗೆ ಬರಲಿ, ಸತೇಶ್ವರಿ ಪಲ್ಲಕ್ಕಿಯ ಪಕ್ಕದಲ್ಲಿ ನಡೆಯಲಿ.

ಆ ಮಾತು ನಂಬಿ ಅವಳು ಹನ್ನೆರಡು ವರ್ಷ ಕಳೆದಳು. ಕೊನೆಯ ಎರಡು ವರ್ಷ ಅವಳಿಗೆ ಬೇರೆ ಮಾತೇ ಇರಲಿಲ್ಲ. ತನ್ನನ್ನೂ ಸೇರಿಸಿ ಹದಿನೆಂಟು ಹೆಂಗಸರನ್ನು ಆರಿಸಿದಳು. ಎಲ್ಲಿ ತಂಗಬೇಕು, ಎಲ್ಲಿ ಒಣಸೌದೆ ಸಿಗುತ್ತದೆ, ಯಾವ ಒರತೆಯ ನೀರು ಕುಡಿದರೆ ಹೊಟ್ಟೆ ಕೆಡುತ್ತದೆ, ಎಲ್ಲ ಅವಳ ನಾಲಿಗೆ ತುದಿಯಲ್ಲಿತ್ತು. ಗುಮಾನಿಗೆ ಏದುಸಿರು. ಅವಳನ್ನು ದಿನಾ ಸಂಜೆ ಮಲ್ಲಿಯವರೆಗೆ ಹತ್ತಿಸಿ ಇಳಿಸುತ್ತಿದ್ದಳು. "ಸಾಯಿಸ್ತೀಯೇನೇ ನನ್ನ?" ಅಂದರೆ, "ಸತ್ತರೆ ಶಿಲಾತಾಲದಲ್ಲಿ ಸಾಯಿ, ಹೊತ್ತು ತರೋ ಕಷ್ಟ ಇರಲ್ಲ" ಅನ್ನುತ್ತಿದ್ದಳು. ಗಂಡಸರು ಹಿಟ್ಟಿನ ಮೂಟೆ ಎಷ್ಟು ಬೇಕು, ಹೇಸರಗತ್ತೆ ಎಲ್ಲಿ ನಿಲ್ಲಿಸಬೇಕು ಎಂದು ಅವಳನ್ನೇ ಕೇಳಿಕೊಂಡು ಹೋಗಿ, ಸಭೆಯಲ್ಲಿ ತಮ್ಮ ತಲೆಯಿಂದ ಬಂದದ್ದೆಂಬಂತೆ ಹೇಳುತ್ತಿದ್ದರು. ಹೇಳಿಕೊಳ್ಳಲಿ ಎಂದು ಅವಳು ಸುಮ್ಮನಿದ್ದಳು.

ಸುಮ್ಮನಿರಲು ಇನ್ನೊಂದು ಕಾರಣವಿತ್ತು. ದೇವಿ ಯಾರ ಮೈಮೇಲೆ ಬರುತ್ತಾಳೋ ಅವನು ಪಸ್ವಾ. ಯಾತ್ರೆಯಲ್ಲಿ ಕೊನೆಯ ಮಾತು ಅವನದು. ಅಪ್ಪ ಪಸ್ವಾ ಆಗಿದ್ದ. ಅಪ್ಪ ಸತ್ತಾಗ ಆ ಜಾಗ ತಮ್ಮ ಊರಿಗೆ ಬರಬೇಕೆಂದು ಮಲ್ಲಿಯವರು ಹಟ ಹಿಡಿದರು. ಡೆಹರಾಡೂನಿನ ಹೋಟೆಲಲ್ಲಿ ತಟ್ಟೆ ತೊಳೆದು ಬಂದಿದ್ದ ಆಲಮ್ ಒಂದು ದಿನ ಡೋಲಿನೆದುರು ನಡುಗಿದ. ಸತೇಶ್ವರಿ ಎಲ್ಲರಿಗಿಂತ ಮೊದಲು ಅವನ ಅಂಗೈಗೆ ಅಕ್ಕಿ ಹಾಕಿ ಕಾಲಿಗೆ ಬಿದ್ದಳು. ಮನೆಮನೆ ತಿರುಗಿ, "ಅಪ್ಪನ ಮೇಲೆ ಬರ್ತಿದ್ದವಳೇ ಇವಳು, ನನಗೆ ಗುರುತು ಸಿಗಲ್ವಾ?" ಎಂದು ಒಪ್ಪಿಸಿದಳು. ತಟ್ಟೆ ತೊಳೆದವನು ಪಸ್ವಾನ ಕಂಬಳಿಯ ಮೇಲೆ ಕೂತ. ಈಗ ಹಿರಿಯರು ಮಾತು ತಪ್ಪಿದರೂ ದೇವಿ ತಪ್ಪುವುದಿಲ್ಲ, ದೇವಿ ಬರುವುದು ತನ್ನ ಭುಲಾನ ಮೇಲೆ ಎಂಬುದು ಅವಳ ಧೈರ್ಯ. ತಮ್ಮನನ್ನು ಅವಳು ಭುಲಾ ಎಂದೇ ಕರೆಯುವುದು.

ಆಷಾಢದ ಸಭೆ ತಲ್ಲಿಯ ಚೌಕದಲ್ಲಿ ಸೇರಿತು. ಹೆಂಗಸರು ಬೇರು ಅಗೆದು ಆಗಷ್ಟೇ ಇಳಿದು ಬಂದಿದ್ದರು, ಮೊಣಕೈಯ ಗಾಯ ಮಾಗಿರಲಿಲ್ಲ. ಡೋಲಿನವನು ಮೋಲು ದಾಸ. ಅವನ ಜಾಗ ಚೌಕದ ಕೆಳಗಿನ ಮೆಟ್ಟಿಲು. ದೇವರನ್ನು ಕರೆಯುವವನು ಅವನು, ದೇವರು ಬಂದ ಮೇಲೆ ಹತ್ತಿರ ಸುಳಿಯಬಾರದವನೂ ಅವನೇ.

ಹಿಟ್ಟು, ತುಪ್ಪ, ಡೇರೆಯ ಮಾತು ಮುಗಿದ ಮೇಲೆ ಸತೇಶ್ವರಿ ಎದ್ದು ಹದಿನೆಂಟು ಹೆಸರು ಹೇಳಿದಳು. ಮಲ್ಲಿಯ ಮುಖಂಡ ಇಂದರ್ ಸಿಂಗ್ ಗಂಟಲು ಸರಿಮಾಡಿಕೊಂಡ.

"ನಮ್ಮದೇನೂ ಅಡ್ಡಿ ಇಲ್ಲ ದೀದಿ. ಆದ್ರೆ ದೇವಿ ಒಂದು ಮಾತು ಅಂದ್ಬಿಟ್ರೆ ಎಲ್ಲರಿಗೂ ಸಮಾಧಾನ."

"ಕೇಳಿ," ಅಂದಳು ಸತೇಶ್ವರಿ. "ಹೆಂಗಸೇ ತಾನೇ ಅವಳೂ?"

ಎಲ್ಲರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಆಲಮ್ ಸಿಂಗ್ ನಡುಗಿದ. ಟೋಪಿ ಹಾರಿಬಿತ್ತು. ಹಲ್ಲು ಕಚ್ಚಿ, ಹೆಂಗಸಿನ ದನಿ ತೆಗೆದು, "ತವರಿನವರೇ, ನನ್ನ ಗಂಡನ ಮನೆ ಹೊಸಿಲು ಗೈರಧಾರ. ಅದರಾಚೆ ನನ್ನ ಅಕ್ಕತಂಗಿಯರ ನೆರಳು ಬೀಳಬಾರದು. ಬಿದ್ದರೆ ಕಲ್ಲುಮಳೆ ಸುರಿಸ್ತೀನಿ," ಎಂದ.

ಚೌಕಕ್ಕೆ ಚೌಕವೇ ಕೈ ಮುಗಿಯಿತು. ಸತೇಶ್ವರಿಯೂ ಮುಗಿದಳು. ಜೈಲಿಗೆ ಹೆದರದವಳು ಮಂಡಿಯೂರಿ, "ಏನು ತಪ್ಪು ಮಾಡಿದ್ವು ತಾಯಿ?" ಎಂದು ಎಲ್ಲರೆದುರು ಅತ್ತಳು. ದೇವಿ ಅವಳ ಕೈಗೆ ನಾಲ್ಕು ಕಾಳು ಅಕ್ಕಿ ಹಾಕಿ ಇಳಿದುಹೋದಳು. ಆ ಅಕ್ಕಿಯನ್ನು ಅವಳು ಸೆರಗಲ್ಲಿ ಕಟ್ಟಿಕೊಂಡಳು.

ಮೂರನೇ ದಿನ ನೀರಿನ ತಾವಿನಲ್ಲಿ ಮೋಲು ದಾಸ ಸಿಕ್ಕಿದ. ಅವಳ ಮುಖ ನೋಡಿ, ಹೇಳಲೋ ಬೇಡವೋ ಎಂದು ಬೀಡಿ ಹಚ್ಚಿ ಆರಿಸಿ ಮತ್ತೆ ಹಚ್ಚಿದ.

"ದೀದಿ, ಊಟ ಬಿಟ್ಟಿದ್ದೀಯಂತೆ. ತಿನ್ನು."

"ದೇವಿಗೆ ನಾವು ಬೇಡ ಅಂದ ಮೇಲೆ ಏನು ತಿನ್ನೋದು ಮೋಲು?"

"ಯಾವ ದೇವಿ?" ಎಂದು ಅವನು ಬೀಡಿ ಎಸೆದ. "ನಾನಿನ್ನೂ ದೇವಿ ತಾಳ ಹಿಡಿದೇ ಇರ್ಲಿಲ್ಲ. ಮಳೆಗಾಲ, ಚರ್ಮ ಸಡಿಲ ಆಗಿತ್ತು. ಹಗ್ಗ ಬಿಗಿದು ಎರಡು ಸಲ ತಟ್ಟಿ ನೋಡ್ದೆ, ಅಷ್ಟೇ. ಅಷ್ಟಕ್ಕೇ ಬಂದ್ಬಿಟ್ಲು. ನಿಮ್ಮಪ್ಪನ ಮೇಲೆ ಬರೋಕೆ ನನ್ನ ಭುಜ ಬಿದ್ದುಹೋಗೋವರೆಗೂ ಬಾರಿಸ್ಬೇಕಿತ್ತು."

ಸತೇಶ್ವರಿ ಕೊಡ ಕೆಳಗಿಟ್ಟಳು. "ಅಲ್ಲೇ ಯಾಕೆ ಹೇಳ್ಲಿಲ್ಲ?"

"ಕೆಳಗಿನ ಮೆಟ್ಟಿಲಲ್ಲಿ ಕೂರೋನು ಹೇಳೋದಾ? ನೀನೂ ನನಗೆ ಚಹಾ ಬೇರೆ ಲೋಟದಲ್ಲೇ ಕೊಡ್ತೀಯಲ್ಲ ದೀದಿ. ಇದು ನಿನ್ನ ಕಿವಿಗೆ ಮಾತ್ರ. ನನ್ನ ಹೆಸರು ಎತ್ತಬೇಡ."

"ಎತ್ತಲ್ಲ," ಅಂದಳು.

ನೇರ ತಮ್ಮನ ಮನೆಗೆ ಹೋದಳು. ಆಲಮ್ ಅಂಗಳದಲ್ಲಿ ಬೆಳ್ಳಿ ಕಾವಿನ ಬಿದಿರಿನ ಛತ್ರಿಗೆ ಎಣ್ಣೆ ಸವರುತ್ತಿದ್ದ. ಎರಡೂ ಊರಿಗೂ ಒಂದೊಂದು ಛತ್ರಿ ಇದೆ. ದೇವಿಗೆ ನೆರಳಾಗಿ ನಡೆಯುವುದು ಅದರ ಕೆಲಸ. ಅಜ್ಜನ ಕಾಲದಿಂದಲೂ ಮೆರವಣಿಗೆಯ ಮುಂದೆ ಹೋಗುತ್ತಿದ್ದುದು ಮಲ್ಲಿಯದು. ತಲ್ಲಿಯದು ಹೇಸರಗತ್ತೆಗಳ ಜೊತೆ ಹಿಂದೆ.

"ಭುಲಾ, ಅವತ್ತು ಬಂದಿದ್ದು ಯಾರು?"

"ಯಾರು ಅಂದ್ರೆ?"

"ನನ್ನ ಕಣ್ಣು ನೋಡಿ ಹೇಳು."

ಆಲಮ್ ಛತ್ರಿಯನ್ನೇ ನೋಡಿದ. "ಈ ಸಲ ನಮ್ಮ ಛತ್ರಿ ಮುಂದೆ ಹೋಗುತ್ತೆ ದೀದಿ. ಇಂದರ್ ಸಿಂಗ್ ಒಪ್ಪಿದಾನೆ. ಮೂರು ತಲೆಮಾರಿನ ಅವಮಾನ ತೊಳೆದುಹೋಗುತ್ತೆ."

"ಅದಕ್ಕೆ ನಮ್ಮನ್ನ ಕೊಟ್ಟೆ."

"ಕೊಟ್ಟೆ ಅಂತ ಯಾಕಂತೀಯ? ಮಲ್ಲಿಯವರಿಗೆ ಹೆಂಗಸರು ಬರೋದು ಬೇಕಿರ್ಲಿಲ್ಲ. ನಮಗೆ ಮುಂದಿನ ಜಾಗ ಬೇಕಿತ್ತು. ಊರು ಅಂದ ಮೇಲೆ ಕೊಟ್ಟು ತಗೊಳ್ಳೋದು ಇದ್ದದ್ದೇ. ಅಪ್ಪನೂ ನೋಡಿದ್ರೆ ಖುಷಿಪಡ್ತಿದ್ದ."

"ನಿನ್ನ ಬಾಯಲ್ಲಿ ಹೇಳಿದ್ದಿದ್ರೆ ಒದ್ದು ಬುದ್ಧಿ ಹೇಳ್ತಿದ್ದೆ. ಅವಳ ಬಾಯಲ್ಲಿ ಹೇಳಿದೆಯಲ್ಲೋ ಬೇವರ್ಸಿ! ನಾನು ನಿನ್ನ ಕಾಲಿಗೆ ಬಿದ್ದು ಅತ್ತೆನಲ್ಲೋ!"

"ಕೂಗಬೇಡ." ಅವನ ದನಿ ಗಟ್ಟಿಯಾಯಿತು. "ನನ್ನ ಕೂರಿಸಿದವಳು ನೀನು. ಪಸ್ವಾ ಸುಳ್ಳು ಅಂದ್ರೆ ಅವನನ್ನ ಕೂರಿಸಿದವಳು? ಅಪ್ಪನ ಮೇಲೆ ಬಂದದ್ದು? ಎಲ್ಲಾ ಸುಳ್ಳು ಅಂತ ಚೌಕದಲ್ಲಿ ನಿಂತು ಹೇಳ್ತೀಯಾ? ಹೇಳು ಹೋಗು."

ಅವಳು ಮನೆಗೆ ಬಂದಳು. ಪೊಲೀಸಿಗೆ, ಸರಾಯಿ ಗುತ್ತಿಗೆದಾರನಿಗೆ ಕೊಡುವ ಉತ್ತರ ಗೊತ್ತಿತ್ತು. ಕೈತುತ್ತು ತಿಂದವನಿಗೆ ಏನು ಹೇಳಬೇಕೆಂದು ಯಾವ ಚಳವಳಿಯೂ ಕಲಿಸಿರಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಅಕ್ಕಿಯನ್ನು ಬಿಚ್ಚಿ ಕೋಳಿಗೆ ಹಾಕಿದಳು.

ಹೋಗುವವರ ಪಟ್ಟಿ ಬರೆಯಲು ಶ್ರಾವಣದಲ್ಲಿ ಮತ್ತೆ ಸಭೆ ಸೇರಿತು. ಉಳಿದ ಹದಿನೇಳು ಹೆಂಗಸರನ್ನೂ ಅವಳು ಕಂಡು ಬಂದಿದ್ದಳು. ಎಲ್ಲರೂ ಜೊತೆಗಿದ್ದೇವೆ ಅಂದಿದ್ದರು. ಅವಳು ಎದ್ದು ನಿಂತಳು.

"ದೇವಿನ ಇನ್ನೊಂದ್ಸಲ ಕೇಳ್ಬೇಕು. ಈ ಸಲ ಡೋಲು ಪೂರ್ತಿ ಬಾರಿಸಿದ ಮೇಲೆ."

ಇಂದರ್ ಸಿಂಗ್ ಹುಬ್ಬೇರಿಸಿದ. "ಹೋದ ಸಲ ಪೂರ್ತಿ ಬಾರಿಸಿರ್ಲಿಲ್ವಾ? ಯಾರು ಹೇಳಿದ್ರು?"

ಸಭೆ ಅವಳನ್ನೇ ನೋಡಿತು. ಅವಳು ಗುಮಾನಿಯತ್ತ ನೋಡಿದಳು. ಗುಮಾನಿ ತಲೆ ತಗ್ಗಿಸಿ, "ಬಿಡೇ ದೀದಿ. ಕಲ್ಲುಮಳೆ ಬಿದ್ರೆ ಬೆಳೆ ಯಾರದು ಹೋಗುತ್ತೆ? ನಮ್ಮದೇ," ಅಂದಳು. ಹದಿನೇಳು ಹೆಂಗಸರ ಮುಸುಕು ಒಂದಿಷ್ಟು ಕೆಳಗೆ ಸರಿಯಿತು. ಒಂಟಿಯಾದವಳಿಗೆ ಬುದ್ಧಿ ಕೈಕೊಟ್ಟಿತು.

"ಮೋಲು ಹೇಳಿದ. ಮೋಲು, ಎದ್ದು ಹೇಳು. ಅವತ್ತು ನೀನು ತಾಳ ಹಿಡಿದಿದ್ಯಾ?"

ಮೋಲು ದಾಸ ಮೆಟ್ಟಿಲಿಂದ ಏಳಲಿಲ್ಲ. ಅವಳ ಮುಖವನ್ನು ಒಂದು ಕ್ಷಣ ದಿಟ್ಟಿಸಿದ. ಸರಾಯಿ ಅಂಗಡಿಯವರು ಕೂಡ ಅವಳನ್ನು ಹಾಗೆ ನೋಡಿರಲಿಲ್ಲ.

"ನಾನು ಬಾರಿಸೋನು, ಠಾಕುರರೇ. ದೇವರ ವಿಚಾರ ನನಗೇನು ಗೊತ್ತು? ದೀದಿಗೆ ಏನೋ ತಪ್ಪು ಕೇಳಿಸಿರ್ಬೇಕು."

ಆಲಮ್ ಬಾಯಿಬಿಡುವ ಅಗತ್ಯವೂ ಬೀಳಲಿಲ್ಲ. ಇಂದರ್ ಸಿಂಗ್ ಬರೆಯುವವನಿಗೆ ಎರಡು ವಿಷಯ ಹೇಳಿದ. ಈ ಸಲ ಮುಂದಿನ ಡೋಲು ಮಲ್ಲಿಯವರದು, ಮೋಲು ಮನೆಯಲ್ಲಿರಲಿ. ಹೆಂಗಸರು ಹದಿನೆಂಟು, ಗೈರಧಾರದವರೆಗೆ.

"ಹದಿನೇಳು ಅಂತ ಬರಿ," ಅಂದಳು ಸತೇಶ್ವರಿ.

"ಏನು ಫೂಫೂ, ಊರಿನ ಹಿರಿಮಗಳೇ ಇಲ್ದೆ ಪಲ್ಲಕ್ಕಿ ಹೆಂಗೆ ಏಳುತ್ತೆ?" ಎಂದು ಬರೆಯುವವನು ಹಲ್ಲು ಕಿರಿದ.

"ನಿಮ್ಮ ಪಸ್ವಾನ್ನ ಕೇಳು. ಕೇಳಿದ್ದಕ್ಕೆಲ್ಲ ಅವನ ಹತ್ರ ಉತ್ತರ ಇದೆ."

ಆ ಸಂಜೆ ಮೋಲುವಿನ ಮನೆಗೆ ಇಳಿದು ಹೋದಳು. ಅವನು ಒಳಗಿಂದಲೇ ಹೆಂಡತಿಗೆ, "ಇಲ್ಲ ಅನ್ನು" ಎಂದದ್ದು ಅವಳಿಗೆ ಕೇಳಿಸಿತು. ಹಿಂದಿರುಗಿದಳು. ಮೋಸ ಹೋದ ಸಿಟ್ಟಿಗೆ ಇನ್ನೂ ಬಿಸಿಯಿತ್ತು. ತಾನೇ ಮೋಲುವಿಗೆ ಮಾಡಿದ ಮೋಸಕ್ಕೆ ಸಿಟ್ಟಾಗಲು ಬೇರೆ ಯಾರೂ ಇರಲಿಲ್ಲ.

ಭಾದ್ರಪದದಲ್ಲಿ ಪಲ್ಲಕ್ಕಿ ಹೊರಡುವ ದಿನ ಬೆಳಗ್ಗೆ ಆಲಮ್ ಸಿಂಗ್ ಹಳದಿ ಪಂಚೆಯುಟ್ಟು ಅವಳ ಬಾಗಿಲಿಗೆ ಬಂದ. ಅಕ್ಕನ ಕೈಯಿಂದ ತಿಲಕ ಇಡಿಸಿಕೊಳ್ಳದೆ ಪಸ್ವಾ ಊರ ಗಡಿ ದಾಟುವಂತಿಲ್ಲ. ಕೈಯಲ್ಲಿ ಕುಂಕುಮದ ತಟ್ಟೆಯನ್ನೂ ತಾನೇ ತಂದಿದ್ದ.

"ಎಲ್ಲರೂ ಕಾಯ್ತಿದಾರೆ ದೀದಿ. ಇಟ್ಬಿಡು."

"ಬಾಗಿಲಲ್ಲಿ ನಿಂತಿರೋದು ಯಾರು? ಅವಳಾ, ನೀನಾ?"

"ನಾನೇ. ಭುಲಾ."

"ಭುಲಾನ ಹಣೆಗೆ ಇನ್ನು ನನ್ನ ಕೈ ಮುಟ್ಟಲ್ಲ. ಅವಳು ಬಂದ್ರೆ ಇಡ್ತೀನಿ. ನಡುಗು ನೋಡೋಣ."

ಚೌಕದಲ್ಲಿ ಮಲ್ಲಿಯವನು ದೇವಿಯ ತಾಳವನ್ನು ಪೂರ್ತಿ ಹಿಡಿದು ಬಾರಿಸುತ್ತಿದ್ದ. ಆಲಮ್ ಕಣ್ಣು ಮುಚ್ಚಿದ, ಹಲ್ಲು ಕಚ್ಚಿದ. ಅಕ್ಕನೆದುರು ಅವನ ಒಂದು ಬೆರಳೂ ಅಲುಗಲಿಲ್ಲ. ಕಣ್ಣು ತೆರೆದು, ತಟ್ಟೆಯಲ್ಲಿ ತಾನೇ ಬೆರಳದ್ದಿ ಹಣೆಗೆ ಬಳಿದುಕೊಂಡು ಹೋದ. ನೋಡಿದವರಿಗೆ ಅಕ್ಕ ಇಟ್ಟ ಹಾಗೇ ಕಾಣುತ್ತಿತ್ತು.

ಸತೇಶ್ವರಿ ಹುಲ್ಲಿಗೆ ಹೊರಟಳು. ಎದುರು ಗುಡ್ಡದಿಂದ ಮೆರವಣಿಗೆ ಪೂರ್ತಿ ಕಾಣುತ್ತದೆ. ತಲ್ಲಿ ಸೈಂಜಿಯ ಛತ್ರಿ ಎಲ್ಲರಿಗಿಂತ ಮುಂದೆ ಹೋಗುತ್ತಿತ್ತು. ಹೆಂಗಸರು ಬೀಳ್ಕೊಡುವ ಹಾಡು ಹೇಳುತ್ತಿದ್ದರು. ಗುಮಾನಿಯ ಏದುಸಿರಿನ ದನಿಯೂ ಅದರಲ್ಲಿತ್ತು. ಸತೇಶ್ವರಿ ನಂದಾದೇವಿಯ ಪಲ್ಲಕ್ಕಿಯತ್ತ ಒಮ್ಮೆ ನೋಡಿದಳು. ಆ ಊರಮಗಳನ್ನೂ ಯಾರೂ ಒಂದು ಮಾತು ಕೇಳಿರಲಿಲ್ಲ. ಬಗ್ಗಿ, ಎಡಗೈಯಲ್ಲಿ ಹುಲ್ಲು ಹಿಡಿದು ಕುಡುಗೋಲು ಎಳೆದಳು.