ಮೇಡಂ ವಠಾರದಲ್ಲಿ ನಮ್ಮ ಹಿರಿಯರು

ಮೊನ್ನೆ ಬೆಳಗ್ಗೆ ಗುಂಡ್ಲುಪೇಟೆಯ ನಮ್ಮ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ನೆನೆಹಾಕಿದ್ದ ಅವರೆಕಾಳು ಹಿಸುಕುತ್ತಿದ್ದೆ. ಆಗ ಚಾಮರಾಜನಗರದಿಂದ ದಿಲ್ಶಾದಕ್ಕನ ಫೋನು ಬಂತು. ನಾವು ಚಿಕ್ಕವರಿದ್ದಾಗ ಎದುರು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವಳು ಅವಳು. ಈಗಲೂ ಹೊಲಿಯುತ್ತಾಳೆ.

"ಅರೇ ಲಲಿತಾ, ನಿಂತಿದ್ರೆ ಕೂತ್ಕೋ. ನಿಮ್ ವಿಮಲಾ ಮೇಡಂ ಮೊಮ್ಮಗಳು, ರವಿ ಮಗಳು, ಲಂಡನ್ನಲ್ಲಿ ಓದ್ತಾ ಇದ್ಲಲ್ಲ? ಅಲ್ಲೇ ಒಬ್ಬ ಹುಡುಗನ ಜೊತೆ ಡೇಟಿಂಗ್ ಅಂತೆ. ಈಗ ಮದ್ವೆ ಅಂತವ್ಳೆ. ಹುಡುಗ ಹೆಂಗವ್ನೆ ಗೊತ್ತಾ? ಪೂರಾ ನಿಮ್ ಥರ! ಅಲ್ಲಾ ಕಸಂ, ಬಣ್ಣ ನಿಂಗಿಂತ ಒಂದು ಕೈ ಜಾಸ್ತೀನೇ!"

ಮನೆದೇವರು ಲಕ್ಷ್ಮೀನರಸಿಂಹನ ಆಣೆ, ನನಗೆ ಸಂತೋಷವಾಯಿತು. ಹುಡುಗಿಯ ಸಲುವಾಗಿ ಅಲ್ಲ, ಅವಳ ಮುಖವನ್ನೇ ನಾನು ನೋಡಿಲ್ಲ. ಆ ಅಜ್ಜಿಗೆ ಈಗ ಒಳಗೊಳಗೆ ಹೇಗಾಗುತ್ತಿರಬಹುದು ಎಂದು ನೆನೆದು ಆದ ಸಂತೋಷ. ದಿನಾ ದೇವರಿಗೆ ದೀಪ ಹಚ್ಚುವವಳು ಇಂಥದ್ದನ್ನು ಬರೆಯಬಾರದು, ಗೊತ್ತು. ಆದರೆ ಕ್ಷಮಿಸುವುದು ದೇವರ ಕೆಲಸ. ನನಗೆ ಮನೆಗೆಲಸವೇ ಬೇಕಾದಷ್ಟಿದೆ.

ಆ ಕಾಲದಲ್ಲಿ, ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿದ್ದಾಗ, ಆ ಊರಿನಲ್ಲಿ ಗುಂಗುರು ಕೂದಲಿನ ಮನೆಯೆಂದರೆ ನಮ್ಮದೊಂದೇ. ನಾವು ಸಿದ್ದಿಗಳು. ಎಷ್ಟೋ ತಲೆಮಾರಿನ ಹಿಂದೆ ಪರಂಗಿಯವರು ಆಫ್ರಿಕಾದಿಂದ ಹಡಗಿನಲ್ಲಿ ಹಿಡಿದು ತಂದವರ ಮಕ್ಕಳ ಮಕ್ಕಳು. ಎಲ್ಲಾಪುರದ ಕಾಡಂಚಿನ ಹಳ್ಳಿ ನಮ್ಮದು. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರಾಗಿ ಇಲ್ಲಿಗೆ ವರ್ಗವಾಗಿ ಬಂದು, ಪುಣಜನೂರು ದಾಟಿ ಸತ್ಯಮಂಗಲಕ್ಕೆ ಇಳಿಯುವ ಬಸ್ಸು ಓಡಿಸುತ್ತಿದ್ದರು. ಬಾಡಿಗೆ ಮನೆ ಕೇಳಿಕೊಂಡು ಹೋದರೆ ಜನ ಅಪ್ಪನ ಮುಖ ನೋಡಿ, "ಈಗ್ತಾನೆ ಬ್ಯಾರೆಯೋರಿಗೆ ಕೊಟ್ಬುಟ್ವಿ ಕಣಪ್ಪ" ಅನ್ನುತ್ತಿದ್ದರು. ಕೊನೆಗೆ ವಿಮಲಾ ಮೇಡಂ ತಮ್ಮ ವಠಾರದ ಹಿಂದಿನ ಮನೆ ಕೊಟ್ಟರು. ಅದು ಉಪಕಾರ, ಇಲ್ಲ ಅನ್ನುವುದಿಲ್ಲ. ಮಾಡು ಸೋರುತ್ತಿರಲಿಲ್ಲ, ನಲ್ಲಿಯಲ್ಲಿ ನೀರು ಬರುತ್ತಿತ್ತು. ನನ್ನ ಅಕ್ಕ ಗೌರಿ ಎರಡನೇ ಪಿಯುಸಿ ಓದುತ್ತಿದ್ದ ಕಾಲೇಜಿನಲ್ಲೇ ಮೇಡಂ ಲೆಕ್ಚರರು.

ನಾನು ಆಗ ಏಳನೇ ಕ್ಲಾಸು. ಸಮಾಜ ಪಾಠದ ಮೇಷ್ಟ್ರು ಆಫ್ರಿಕಾದ ನಕ್ಷೆಯ ಮೇಲೆ ಕೋಲಿಟ್ಟರೆ, ಕ್ಲಾಸಿಗೆ ಕ್ಲಾಸೇ ತಿರುಗಿ ನನ್ನನ್ನು ನೋಡಿತು.

"ನಿಮ್ ದೇಸಕ್ಕೆ ಯಾವಾಗಮ್ಮಿ ಓಗದು?" ಎಂದು ಉಡಿಗಾಲದಿಂದ ಬರುತ್ತಿದ್ದ ಮಂಜಿ ಕೇಳಿದಳು.

"ದಸರಾ ರಜಕ್ಕೆ."

"ಇಮಾನದಲ್ಲಾ?"

"ನಮ್ಮಪ್ಪನ ಬಸ್ಸಲ್ಲಿ. ಎಲ್ಲಾಪುರಕ್ಕೆ ವಿಮಾನ ಇಲ್ಲ."

ಮಂಜಿಗೆ ನಿರಾಸೆಯಾಯಿತು. ಆದರೂ ಟವೆಲಿನಲ್ಲಿ ಕಟ್ಟಿಕೊಂಡು ಬಂದ ಬೇಯಿಸಿದ ಅವರೆಕಾಯಿಯಲ್ಲಿ ನನಗೆ ಪಾಲು ಕೊಡುತ್ತಿದ್ದಳು. ಮಕ್ಕಳ ಮಾತು ಮಕ್ಕಳ ಮಾತೇ. ಅದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡಿಲ್ಲ.

ಭಾನುವಾರ ಅಮ್ಮ ನಮ್ಮಿಬ್ಬರನ್ನೂ ಸೀಬೆಮರದ ಕೆಳಗೆ ಕೂರಿಸಿ ತಲೆಗೆ ಕೊಬ್ಬರಿ ಎಣ್ಣೆ ತಟ್ಟುತ್ತಿದ್ದಳು. ಸಿಕ್ಕು ಎಳೆದರೆ ನಾನು ಅಳುತ್ತಿದ್ದೆ. ಅಕ್ಕ ನಗುತ್ತಿದ್ದಳು. ಬಾಯಿ ತುಂಬ, ಹಲ್ಲೆಲ್ಲ ಕಾಣುವ ಹಾಗೆ, ಎದುರು ಮನೆಯ ಹೊಲಿಗೆ ಮಿಷನ್ನಿನ ಸದ್ದನ್ನೂ ಮುಚ್ಚುವ ಹಾಗೆ. ಆ ನಗುವಿಗೇ ಮೇಡಂ ಮಗ ರವಿ ಮನೆಯಿಂದ ಹೊರಗೆ ಬರುತ್ತಿದ್ದುದು. ಅವನು ಅಕ್ಕನ ಕ್ಲಾಸಿನವನೇ. ಪಾಠ ಕೇಳುವ ನೆಪ. ನಾನು ಕಾವಲು. ಕೂಲಿಗೆ ಸೀಬೆಹಣ್ಣು. "ಕೆಲಸ ಸಿಕ್ಕಿದ ತಕ್ಷಣ ಅಮ್ಮನ ಹತ್ರ ಹೇಳ್ತೀನಿ, ಮದುವೆ ಆಗನ" ಎಂದು ಅವನು ಅಕ್ಕನಿಗೆ ಹೇಳಿದ್ದನ್ನು ಈ ಕಿವಿಯಾರೆ ಕೇಳಿದ್ದೇನೆ.

ಒಂದು ದಿನ ಅವನು ಕನಕಾಂಬರದ ತುಂಡೊಂದನ್ನು ಅಕ್ಕನ ಕೂದಲಿಗೆ ಸಿಕ್ಕಿಸಿದ. ನಮ್ಮ ಕೂದಲಲ್ಲಿ ಹೂವಿಗೆ ಪಿನ್ನು ಬೇಡ, ಹಾಗೇ ಕೂತಿತು. ಮಹಡಿಯ ಮೇಲೆ ಸಂಡಿಗೆ ಒಣಹಾಕುತ್ತಿದ್ದ ಮೇಡಂ ಅದನ್ನು ನೋಡಿದರು. ಕೂಗಲಿಲ್ಲ. ಕೆಳಗಿಳಿದು ಬಂದು ಬೈಯಲೂ ಇಲ್ಲ.

ಸಂಕ್ರಾಂತಿಯ ದಿನ ಎಳ್ಳುಬೆಲ್ಲದ ತಟ್ಟೆ ಹಿಡಿದು ನಮ್ಮ ಮನೆಗೆ ಬಂದರು. ಅವರ ಹಿಂದೆ ಎತ್ತರದ ಒಬ್ಬ ಹುಡುಗ, ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆ ಬಗ್ಗಿಸಿಕೊಂಡು ಬಾಗಿಲು ದಾಟಿದ. ಮೈಸೂರಿನಲ್ಲಿ ಪಾಠ ಮಾಡುವ ಮೇಡಂ ತಮ್ಮನ ಶಿಷ್ಯನಂತೆ. ತಾಂಜಾನಿಯಾದವನು, ಹೆಸರು ಜೋಸೆಫ್. ಹಬ್ಬ ತೋರಿಸಲು ಕರೆಸಿದ್ದೇವೆ ಎಂದು ಅವನಿಗೆ ಹೇಳಿದ್ದರು.

"ಗೌರಮ್ಮನಿಗೆ ಒಳ್ಳೇ ಗಂಡು ನೋಡಿದೀನಿ. ನಿಮ್ಮವನೇ," ಎಂದರು ಮೇಡಂ ಅಮ್ಮನಿಗೆ. "ಮಾತಾಡಿ, ನಿಮ್ಮ ಭಾಷೇಲೇ ಮಾತಾಡಿ. ನನಗೇನೂ ಬೇಜಾರಿಲ್ಲ."

ಜೋಸೆಫ್ ತನ್ನ ಭಾಷೆಯಲ್ಲಿ ಏನೋ ಅಂದ. ನಾವು ಅವನ ಮುಖ ನೋಡಿದೆವು. ಅಮ್ಮ ನಮ್ಮ ಮನೆಮಾತು ಕೊಂಕಣಿಯಲ್ಲಿ ಕೂತುಕೋ ಎಂದಳು. ಅವನು ನಿಂತೇ ಇದ್ದ. ಕೊನೆಗೆ ಅಕ್ಕ ತನ್ನ ಪಿಯುಸಿ ಇಂಗ್ಲಿಷಿನಲ್ಲಿ ನಡುವೆ ನಿಂತಳು. ನೀವು ಯಾವ ದೇಶದವರು ಎಂದು ಅವನು ಕೇಳಿದ. ಎಲ್ಲಾಪುರ ಎಂದಳು. ಯಾವ ಬುಡಕಟ್ಟು ಎಂದ. ಸಿದ್ದಿ ಎಂದಳು. ಅಂಥದ್ದೊಂದನ್ನು ಅವನು ಕೇಳಿರಲೇ ಇಲ್ಲ. "ಪಾಪ, ಭಾಷೆ ಹೋಯಿತು, ಹೆಸರೂ ಹೋಯಿತು, ನೀವು ಎಲ್ಲ ಕಳೆದುಕೊಂಡಿದ್ದೀರಿ" ಎಂದ.

ಅಕ್ಕ ಅದನ್ನು ಹೇಳಿದಾಗ ಅಮ್ಮನಿಗೆ ಸಿಟ್ಟು ಬಂತು. ಅವಳ ಕನ್ನಡ ಕೊನೆವರೆಗೂ ಎಲ್ಲಾಪುರದ್ದೇ. "ನಾವೆಂತ ಕಳ್ಕಂಡಿದ್ದು? ಈಗ್ಲೂ ದೇವ್ರು ಇದ್ದ, ಹಿರಿಯರು ಇದ್ರು, ಅನ್ನ ಬೇಯ್ತದೆ. ಮೊದ್ಲು ಉಣ್ಣೂಕೆ ಹೇಳು ಅವನ್ಗೆ."

ಸಾರಿನ ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಆದರೂ ಎರಡು ಸಲ ಬಡಿಸಿಕೊಂಡ. ಅಕ್ಕ ಮೇಡಂ ಮಗನ ಜೊತೆ ಮಾತಾಡಿದ್ದಕ್ಕೆ ತನ್ನನ್ನು ಗಂಡು ತೋರಿಸಲು ಕರೆತಂದಿದ್ದಾರೆ ಎಂದು ಅವಳೇ ತಿಳಿಸಿದಾಗ ತುತ್ತು ಕೈಯಲ್ಲೇ ನಿಂತಿತು. ಅವನಿಗೆ ಊರಲ್ಲಿ ಗೊತ್ತಾದ ಹುಡುಗಿ ಇದ್ದಳು. ಆರು ವರ್ಷದಿಂದ ಜೊತೆಗೆ ಓಡಾಡಿ, ಈಗ ಅವಳ ತಂದೆಗೆ ಹಸು ಕೊಡಲು ಅವನ ಮನೆಯವರು ಒಟ್ಟುಮಾಡುತ್ತಿದ್ದರಂತೆ.

"ಗಂಡಿನವ್ರೇ ಹಸು ಕೊಡೂದಾ?" ಅಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಹಂಗಾರೆ ಒಳ್ಳೇ ಜನವೇ."

ಜೋಸೆಫ್ ಮೇಡಂ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ ಮಾತನ್ನು ಅಕ್ಕ ಆಮೇಲೆ ನನಗೆ ಹೇಳಿದಳು: "ನಿಮ್ಮಲ್ಲಿ ಗೊತ್ತಿರುವವರು ಮಾತಾಡಿದರೆ ತಪ್ಪು, ಗೊತ್ತಿಲ್ಲದವರು ಮದುವೆಯಾದರೆ ಸರಿಯೇ?" ಮೇಡಂ ಮುಖ ಕೆಂಪಾಯಿತು. ಅವನು ಅಮ್ಮನಿಗೆ ಎರಡೂ ಕೈ ಜೋಡಿಸಿ ಬಸ್ ಸ್ಟ್ಯಾಂಡಿಗೆ ನಡೆದ.

ಅವನು ಬೀದಿ ತಿರುಗುವುದನ್ನೇ ಕಾದಿದ್ದವರಂತೆ ಮೇಡಂ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಹೇಳಿದರು: "ನಿಮಗೆ ನಿಮ್ಮವರೂ ಆಗಲ್ಲ, ನನ್ನ ಮಗನೇ ಬೇಕು, ಅಲ್ವಾ? ನಾಳೆ ನನ್ನ ಮೊಮ್ಮಗು ಆ ಕೂದಲು ಇಟ್ಕೊಂಡು ಹುಟ್ಟಿದ್ರೆ ನಾನು ಯಾರಿಗೆ ಮುಖ ತೋರಿಸ್ಲಿ? ಈ ತಿಂಗಳಲ್ಲೇ ಮನೆ ಖಾಲಿ ಮಾಡಿ."

ಅಕ್ಕನ ಪರೀಕ್ಷೆ ಮಾರ್ಚಿಗೆ. ಅವಳಿಗೆ ನರ್ಸಿಂಗ್ ಸೇರುವ ಆಸೆ. ಊರಲ್ಲಿ ಬೇರೆ ಮನೆ ಸಿಗುವ ಹಾಗಿಲ್ಲ. ಖಾಲಿ ಮಾಡಿದರೆ ಅಮ್ಮ, ನಾವು ಎಲ್ಲಾಪುರಕ್ಕೆ, ಅಪ್ಪ ಡಿಪೋದ ರೆಸ್ಟ್ ರೂಮಿಗೆ. ಅಕ್ಕನ ಪರೀಕ್ಷೆ ಅಲ್ಲಿಗೆ ಮುಗಿದಂತೆ. ಅದು ಮೇಡಂಗೆ ಚೆನ್ನಾಗಿ ಗೊತ್ತಿತ್ತು. ದಿನಾ ಕ್ಲಾಸಿನಲ್ಲಿ ಅಕ್ಕನ ಹಾಜರಿ ಕೂಗುತ್ತಿದ್ದವರೇ ಅವರು. ರವಿ ಕಿಟಕಿಯ ಹಿಂದೆ ನಿಂತಿದ್ದ. ಹೊರಗೆ ಬರಲಿಲ್ಲ.

ತಿಂಗಳ ಕೊನೆಗೆ ಮೇಡಂ ಸುಣ್ಣ ಬಳಿಯುವ ಆಳನ್ನು ಕರೆದುಕೊಂಡು, ಹೇಳದೆ ಕೇಳದೆ ನಮ್ಮ ಒಳಮನೆಗೇ ನುಗ್ಗಿದರು. ಅಲ್ಲಿ ಮೂಲೆಯಲ್ಲಿ ನಮ್ಮ ಹಿರಿಯರಿದ್ದರು. ನಮ್ಮವರಲ್ಲಿ ತೀರಿಹೋದ ಹಿರಿಯರ ಹೆಸರಲ್ಲಿ ಮನೆಯೊಳಗೆ ಒಂದು ತೆಂಗಿನಕಾಯಿ ಇಡುತ್ತೇವೆ. ಕುಂಕುಮ ಹಚ್ಚಿ, ದೀಪವಿಟ್ಟು, ಹಬ್ಬಕ್ಕೆ ಎಡೆ ಇಡುತ್ತೇವೆ. ನಮಗೆ ಅದು ಅಜ್ಜ ಅಜ್ಜಿ ಗೋಡೆಗೊರಗಿ ಕೂತ ಹಾಗೆ. ಆದರೆ ಆ ಸೀಮೆಯವರಿಗೆ ದೇವರಮನೆಯ ಹೊರಗೆ, ಕತ್ತಲ ಮೂಲೆಯಲ್ಲಿ ಕುಂಕುಮದ ಕಾಯಿ ಕಂಡರೆ ಒಂದೇ ಅರ್ಥ.

"ಅಯ್ಯಪ್ಪೋ, ಮಾಟ! ಮಾದಪ್ಪಾ ಕಾಪಾಡಪ್ಪಾ!" ಎಂದು ಸುಣ್ಣದ ಆಳು ಬಕೆಟ್ಟು ಅಲ್ಲೇ ಬಿಟ್ಟು ಓಡಿದ.

ಮೇಡಂ ಅಲ್ಲಾಡಲಿಲ್ಲ. ಧ್ವನಿ ಮಾತ್ರ ಸಣ್ಣಗಾಗಿತ್ತು. "ಇದು... ಏನಮ್ಮಾ ಇದು?"

"ಹಿರಿಯರು," ಎಂದಳು ಅಮ್ಮ.

"ಯಾರ ಹಿರಿಯರು?"

"ನಮ್ಮವ್ರು. ಇಲ್ಲಿಂದ ಎಬ್ಸೂದಾದ್ರೆ ಊರಿಂದ ಜನ ಬರ್ಬೇಕು, ಡಮಾಮಿ ಡೋಲು ಬಡೀಬೇಕು, ಹಾಡಿ ಕರೀಬೇಕು. ಅವ್ರು ಬರೂದು ಯುಗಾದಿ ಕಳೆದ್ಮೇಲೆ. ಈಗ್ಲೇ ಬೇಕಂದ್ರೆ ನೀವೇ ಕೈ ಹಾಕಿ ತೆಗೀರಿ ಮೇಡಂ. ನಾ ಎಂತದೂ ಹೇಳೂದಿಲ್ಲ."

ಮೇಡಂ ಕೈ ಹಾಕಲಿಲ್ಲ. ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೋದರು. ಬಿಎ, ಎಂಎ ಎಲ್ಲ ಓದಿದವರು! ಮರುದಿನ ಅವರ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ತೂಗಿತು. ಸೋಮವಾರ ಮಾದೇಶ್ವರನ ಬೆಟ್ಟಕ್ಕೆ ಹೋಗಿ ವಿಭೂತಿ ತಂದು ಕಾಂಪೌಂಡಿಗೆಲ್ಲ ಎರಚಿದರು. ಸೀಬೆಮರದ ಕಡೆ ಬರುವುದನ್ನೇ ಬಿಟ್ಟರು.

ಅಮ್ಮ ಸುಳ್ಳು ಹೇಳಲಿಲ್ಲ. ಅವರು ಕೇಳದೇ ಇದ್ದುದನ್ನು ತಾನಾಗಿ ಬಿಡಿಸಿ ಹೇಳಲೂ ಇಲ್ಲ. ಸಂಜೆ ದೀಪ ಹಚ್ಚಿ ಹಾಡುವ ಪದವನ್ನು ಮಾತ್ರ ಮೊದಲಿಗಿಂತ ಗಟ್ಟಿಯಾಗಿ ಹಾಡತೊಡಗಿದಳು. ದಿಲ್ಶಾದಕ್ಕ ಸುಮ್ಮನಿರುವವಳಲ್ಲ. ರವಿಕೆ ಕೊಡಲು ಬಂದ ಮೇಡಂಗೆ, "ಅವ್ರ ಹಿರೇರು ಭಾಳ ಹಳೇ ಕಾಲದವ್ರಂತೆ ಮೇಡಂ. ಸಮುದ್ರದಲ್ಲಿ ಮುಳುಗ್ಸಿದ್ರೂ ಎದ್ದು ಬಂದವ್ರಂತೆ" ಎಂದು ಅಳತೆ ತೆಗೆಯುತ್ತಲೇ ಹೇಳಿದಳಂತೆ. ಅದನ್ನು ಕೇಳಿ ನಾವೆಲ್ಲ ಬಾಯಿ ಮುಚ್ಚಿಕೊಂಡು ನಕ್ಕೆವು. ಅಕ್ಕನೂ ನಕ್ಕಳು. ಅದೇ ಕೊನೆ.

ಅದೇ ವಾರ ರವಿಯನ್ನು ಮೈಸೂರಿಗೆ ಕಳಿಸಿದರು. ಸೋದರಮಾವನ ಮನೆಯಲ್ಲಿದ್ದು ಓದಿ, ಪರೀಕ್ಷೆಗಷ್ಟೇ ಬರಲಿ ಎಂದು. ಅವನು ಸೂಟ್‌ಕೇಸ್ ಹಿಡಿದು ನಮ್ಮ ಬಾಗಿಲ ಮುಂದೆಯೇ ಹಾದುಹೋದ. ಅಕ್ಕ ಹೊಸ್ತಿಲ ಮೇಲೆ ನಿಂತಿದ್ದಳು. ಅವನು ನೆಲ ನೋಡಿಕೊಂಡು ಹೋದ. ಆ ಭಾನುವಾರ ಅಕ್ಕ ಎಣ್ಣೆಗೆ ಕೂರಲಿಲ್ಲ. ದಿಲ್ಶಾದಕ್ಕನ ಕತ್ತರಿ ಇಸಿದುಕೊಂಡು ಕೂದಲನ್ನು ಬುಡಕ್ಕೇ ಕತ್ತರಿಸಿಕೊಂಡಳು.

ಪರೀಕ್ಷೆ ಬರೆದಳು. ಪಾಸಾದಳು. ಅಪ್ಪನಿಗೆ ಗುಂಡ್ಲುಪೇಟೆಗೆ ವರ್ಗವಾಯಿತು, ಯುಗಾದಿ ಕಳೆದ ಮೇಲೆ ಊರಿನಿಂದ ಜನ ಬಂದು ಡಮಾಮಿ ಬಡಿದು ಹಿರಿಯರನ್ನು ಎಬ್ಬಿಸಿದರು. ದೇವರು ಅಷ್ಟು ನಡೆಸಿಕೊಟ್ಟ. ಅಕ್ಕ ಈಗ ಕಾರವಾರದಲ್ಲಿ ನರ್ಸು. ಗಂಡ ಒಳ್ಳೆಯವನು, ಮಕ್ಕಳು ಆರೋಗ್ಯವಾಗಿದ್ದಾರೆ. ಇದನ್ನೆಲ್ಲ ದೇವರ ಮುಂದೆ ನಿಂತು ಒಂದೊಂದಾಗಿ ನೆನೆಯುತ್ತೇನೆ, ಮರೆತರೆ ಕೊಟ್ಟವನಿಗೆ ಬೇಜಾರಾದೀತು.

ಇಷ್ಟನ್ನೆಲ್ಲ ನೆನೆಯುತ್ತ ಅವರೆಬೇಳೆ ತೊಳೆಯುತ್ತಿರುವಾಗ ಮತ್ತೆ ಫೋನು. ಈ ಸಲ ಮೇಡಂ ಅವರೇ. ದಿಲ್ಶಾದಕ್ಕನ ಹತ್ತಿರ ನಂಬರು ತೆಗೆದುಕೊಂಡಿದ್ದರು. ಧ್ವನಿ ನಡುಗುತ್ತಿತ್ತು, ವಯಸ್ಸಾಗಿದೆ.

"ಲಲಿತಾ ಅಲ್ವೇನಮ್ಮಾ? ಹುಡುಗನ ತಾಯಿ ಮುಂದಿನ ವಾರ ಮೈಸೂರಿಗೆ, ರವಿ ಮನೆಗೆ ಬರ್ತಿದಾರೆ. ಜಮೈಕಾ ಕಡೆಯವರಂತೆ. ಏನು ಮಾತಾಡ್ಬೇಕು, ಏನು ಬಡಿಸ್ಬೇಕು, ನಮಗೊಂದೂ ತಿಳೀತಿಲ್ಲ. ನೀನು ಬಂದು ಪಕ್ಕದಲ್ಲಿ ಕೂತ್ರೆ ಅವರಿಗೂ ತಮ್ಮವರು ಅನ್ಸುತ್ತೆ. ಕಾರು ಕಳಿಸ್ತೀನಿ ಕಣಮ್ಮಾ."

"ಜಮೈಕಾ ಎಲ್ಲಿದೆ ಮೇಡಂ?"

"ಆಫ್ರಿಕಾದಲ್ಲೇ ಎಲ್ಲೋ..."

"ಅಲ್ವಂತೆ. ಅಮೆರಿಕದ ಹತ್ರ ಸಮುದ್ರದಲ್ಲಿದೆಯಂತೆ. ಇಲ್ಲೇ ಇರೋ ನನ್ನ ಮಗಳು ಈಗ ಅವಳ ಮೊಬೈಲಲ್ಲಿ ನೋಡಿ ಹೇಳಿದ್ಲು, ನಂಗೂ ಗೊತ್ತಿರ್ಲಿಲ್ಲ. ಅವ್ರನ್ನ ಆ ಕಡೆ ಒಯ್ದ್ರು, ನಮ್ಮನ್ನ ಈ ಕಡೆ ತಂದ್ರು. ಆ ಹೆಂಗಸಿನ ಭಾಷೆ ನಂಗೆ ಬರಲ್ಲ, ಊಟ ಗೊತ್ತಿಲ್ಲ."

"ಹಳೇದನ್ನ ಮನಸ್ಸಲ್ಲಿ ಇಟ್ಕೋಬೇಡಮ್ಮಾ."

"ಇಟ್ಕೊಂಡಿದೀನಿ ಮೇಡಂ," ಎಂದೆ. "ಅವ್ರು ನಂಗೇನೂ ಆಗ್ಬೇಕಿಲ್ಲ. ನಿಮಗೆ ಬೀಗಿತ್ತಿ. ನೀವೇ ಪಕ್ಕದಲ್ಲಿ ಕೂತ್ಕೊಳ್ಳಿ. ಕೈಗೆ ನೀರು ಕೊಡಿ, ಎಲೆ ಹಾಕಿ, ಬಗ್ಗಿ ಬಡಿಸಿ."

ಅವರೇ ಫೋನು ಇಟ್ಟರು.

ನನ್ನ ಎದೆ ತಣ್ಣಗಾಯಿತು. ತಡೆಯಲಾರದೆ ತಕ್ಷಣ ಅಕ್ಕನಿಗೆ ಫೋನು ಮಾಡಿ, ಒಂದಕ್ಷರ ಬಿಡದೆ, ಅವರ ನಡುಗುವ ಧ್ವನಿಯನ್ನೂ ಅನುಕರಿಸಿ ಹೇಳಿದೆ. ಅವಳು ನಗುತ್ತಾಳೆ ಎಂದು ಕಾದೆ. ಸೀಬೆಮರದ ಕೆಳಗೆ ನಗುತ್ತಿದ್ದಳಲ್ಲ, ಹಾಗೆ ಒಂದು ಸಲ ನಕ್ಕುಬಿಟ್ಟರೆ ಸಾಕಿತ್ತು.

ಅಕ್ಕ ಎಲ್ಲ ಕೇಳಿಸಿಕೊಂಡಳು. ಆಸ್ಪತ್ರೆಯಲ್ಲಿ ಯಾರೋ ಅವಳನ್ನು ಕರೆಯುತ್ತಿದ್ದರು.

"ರವಿ ಹೇಗಿದಾನಂತೆ?" ಎಂದು ಕೇಳಿದಳು.

ನಾನು ಅದನ್ನು ಯಾರಲ್ಲೂ ಕೇಳಿರಲಿಲ್ಲ. "ಗೊತ್ತಿಲ್ಲ ಅಕ್ಕ" ಎಂದೆ. "ಸರಿ, ಡ್ಯೂಟಿ ಇದೆ" ಎಂದು ಇಟ್ಟಳು.

ಮರುದಿನ ಶುಕ್ರವಾರ, ದೇವರ ಸಾಮಾನು ಬೆಳಗುವುದು ಬಾಕಿ ಇತ್ತು. ಹುಣಸೆಹಣ್ಣು ನೆನೆಸಿಟ್ಟು, ದೀಪದ ಕಂಬಗಳನ್ನು ಎತ್ತಿಕೊಂಡು ಬಚ್ಚಲಿಗೆ ಹೋದೆ.